ಹತ್ತಿ ಬೆದರಿದರೆ ಬೆಲ್ಲವೂ ಬೆದರುತ್ತಿದ್ದ ಪೇಟೆ

ಗಾದಿಯ ಮೇಲೆ ಕೂತ ಒಬ್ಬ ಸಾಹುಕಾರ ಆಕಳಿಸಿದರೆ ಎದುರಂಗಡಿಯವನಿಗೂ ಆಕಳಿಕೆ ಬರುತ್ತದೆ, ಅವನನ್ನು ನೋಡಿ ಪಕ್ಕದವನಿಗೆ ಬರುತ್ತದೆ, ಕೊನೆಗೆ ಬೀದಿಯ ತುದಿಯಲ್ಲಿರುವ ಹಮಾಲನೂ ಬಾಯಿ ತೆರೆಯುತ್ತಾನೆ. ಯಾಕೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಪೇಟೆಯಲ್ಲಿ ದರ ಏರುವುದೂ ಇಳಿಯುವುದೂ ಹೀಗೇ, ದಿನಬೆಳಗಾದರೆ ನಡೆಯುವ ಸಂಗತಿ.

ನಾನು ಕೊಪ್ಪಳದ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ರೈತರು ತಂದ ಮಾಲನ್ನು ಮಾರಿಸಿಕೊಟ್ಟು ಅದರಲ್ಲಿ ತನ್ನ ಪಾಲು ಹಿಡಿದುಕೊಳ್ಳುವ, ದರ ನೋಡಿ ತಾನೂ ಒಂದಿಷ್ಟು ಕೊಂಡಿಡುವ ಅಂಗಡಿ ಅದು. ನಿಜಾಮರ ಕಾಲ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ತುಸು ಮುಂಚಿನ ಮತ್ತು ತುಸು ಆಮೇಲಿನ ವರ್ಷಗಳು. ಒಂದು ಓಣಿಯಲ್ಲಿ ಹತ್ತಿ, ಅದರಾಚೆ ಶೇಂಗಾ, ಅದರಾಚೆ ಬೆಲ್ಲ, ಊರ ಹೊರಗೆ ದನ. ಇವುಗಳ ನಡುವೆ ಏನು ಸಂಬಂಧ ಅಂತ ಮೊದಲ ದಿನ ಕೇಳಿದ್ದರೆ ಏನೂ ಇಲ್ಲ ಅನ್ನುತ್ತಿದ್ದೆ. ಆಮೇಲೆ ನೋಡಿದ್ದೆಲ್ಲ ನೋಡಿ ಮೂಗಿನ ಮೇಲೆ ಬೆರಳಿಟ್ಟವನು ಇನ್ನೂ ತೆಗೆದಿಲ್ಲ.

ಇರುವೆಯ ದಲಾಲಿ

ಆಗ ಹತ್ತಿಯ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮ ದಲಾಲ ತನ್ನ ಹೆಗಲ ಮೇಲಿನ ರುಮಾಲನ್ನು ಮುಂದೆ ಹರವುತ್ತಿದ್ದ. ಅದರ ಕೆಳಗೆ ಮಾರುವವನ ಕೈ ಒಂದು, ಇವನ ಕೈ ಒಂದು. ಹಿಡಿದ ಬೆರಳೆಷ್ಟೋ ಅಷ್ಟು ದರ. ಮೇಲೆ ಇಬ್ಬರೂ ಮಳೆ ಬೆಳೆಯ ಮಾತಾಡುತ್ತಿದ್ದರು, ಕೆಳಗೆ ಬೆರಳುಗಳು ಜಗಳಾಡುತ್ತಿದ್ದವು. ಬೆರಳು ಹಿಡಿದರೆ ಮಾತು ಕೊಟ್ಟ ಹಾಗೆ, ಹಿಂದೆ ಸರಿಯುವಂತಿಲ್ಲ.

ಒಂದು ದಿನ ದಲಾಲ ಎರಡು ಬೆರಳು ಹಿಡಿದು ಸಾವಕಾಶ ಎಳೆದಾಡುತ್ತಿದ್ದ. ಹತ್ತಿ ತುಂಬಿದ ಅಂಡಿಗೆ ಚೀಲದೊಳಗಿಂದ ಒಂದು ಕೆಂಪಿರುವೆ ಬಂದು ರುಮಾಲಿನ ಕೆಳಗೆ ಹೊಕ್ಕು ಇವನ ಮುಂಗೈಗೆ ಕಚ್ಚಿತು. "ಅಯ್ಯಯ್ಯಪ್ಪೋ!" ಅಂತ ಚೀರಿ ಎದುರಿನವನ ಐದೂ ಬೆರಳನ್ನು ಅಮುಕಿ ಹಿಡಿದುಬಿಟ್ಟ. ಮಾರುವವನ ಕಣ್ಣುಗಳು ಹಣೆಗೆ ಹೋದವು. "ಆತ್ರಿ, ಆತ್ರಿ, ಕೊಟ್ಟೆ!" ಅಂದವನೇ ರುಮಾಲು ಕಿತ್ತು ಎದ್ದುನಿಂತ.

ಇದು ಇಷ್ಟಕ್ಕೇ ಮುಗಿದಿದ್ದರೆ ನಮ್ಮೊಂದು ಅಂಗಡಿಯ ಹಣೆಬರಹ ಅನ್ನಬಹುದಿತ್ತು. ಆದರೆ ದಲಾಲ ಚೀರಿದ್ದನ್ನು ಪಕ್ಕದ ಓಣಿಯವರು ಕೇಳಿದ್ದರು. ಮೂವತ್ತು ವರ್ಷದ ಅನುಭವಿ ದಲಾಲ ಸುಮ್ಮನೆ ಚೀರಿ ಐದು ಬೆರಳು ಹಿಡಿಯುತ್ತಾನೆಯೇ? ಮುಂಬಯಿಯಿಂದ ಏನೋ ದೊಡ್ಡ ಸುದ್ದಿ ಬಂದಿರಬೇಕು. ಹತ್ತಿಯ ಓಣಿಯೆಲ್ಲ ಐದು ಬೆರಳು ಹಿಡಿಯತೊಡಗಿತು. ಹತ್ತಿ ಏರಿದರೆ ಹತ್ತಿಕಾಳು ಏರುತ್ತದೆ, ಹತ್ತಿಕಾಳು ಏರಿದ ಮೇಲೆ ಶೇಂಗಾ ಸುಮ್ಮನಿರುತ್ತದೆಯೇ? ಶೇಂಗಾ ಏರಿತು, ಗಾಣದವನು ಎಣ್ಣೆ ಏರಿಸಿದ. ಸಂಜೆ ಎದುರಿನ ಭಜಿ ಅಂಗಡಿಗೆ ಹೋದರೆ ಮೆಣಸಿನಕಾಯಿ ಭಜಿ ಅರ್ಧ ಗಾತ್ರಕ್ಕೆ ಇಳಿದಿತ್ತು. ನನಗಂತೂ ಮೈ ಜುಮ್ಮೆಂದಿತು. ಮುಂಜಾನೆ ಒಂದು ಇರುವೆ ಕಚ್ಚಿದ್ದಕ್ಕೆ ಸಂಜೆ ನನ್ನ ಭಜಿ ಸಣ್ಣದಾಗಿತ್ತು!

ಆದರೆ ಆ ದಿನ ಗೋದಾಮಿನಲ್ಲಿದ್ದ ನಮ್ಮ ಹಳೆ ಹತ್ತಿಯೆಲ್ಲ ಏರಿದ ದರಕ್ಕೆ ಹೋಗಿತ್ತು. ಐದು ಬೆರಳು ಹಿಡಿದದ್ದಕ್ಕೆ ಮುಂಜಾನೆ ಬೈದಿದ್ದ ನಮ್ಮ ಅಂಗಡಿಯ ಸಾಹುಕಾರರು ದಲಾಲನಿಗೆ ಎರಡು ಪಾಲು ದಲಾಲಿ ಕೊಡಲು ಮುಂದಾದರು. ಅವನು ಊದಿಕೊಂಡ ಕೈಯನ್ನು ತಿಕ್ಕಿಕೊಳ್ಳುತ್ತ ಅಂದ: "ನಂದು ನನಗ ಕೊಡ್ರಿ ಸಾವ್ಕಾರ್ರ. ಇನ್ನೊಂದು ಪಾಲು ಇರವಿಗೆ ಮುಟ್ಟಬೇಕು, ಅಂಡಗ್ಯಾಗ ಹುಡುಕಿ ನೀವ ಕೊಡ್ರಿ."

ಬಾಯಿ ಮುಚ್ಚಿಕೊಂಡು ಗಂಗಾವತಿಗೆ

ಸಾಹುಕಾರರಿಗೆ ಈ ಪ್ರಸಂಗದಿಂದ ಒಂದು ಜ್ಞಾನೋದಯವಾಯಿತು. ಒಂದು ದರ ಇನ್ನೊಂದನ್ನು ಮುಟ್ಟಲು ಹೊತ್ತು ಬೇಕು. ಆ ಹೊತ್ತಿನೊಳಗೆ ನಾವು ಮುಂದೆ ಹೋಗಿ ನಿಂತರೆ ಲಾಭ.

ಹಾಗಾಗಿ ಮುಂದಿನ ಸಲ ಹತ್ತಿ ಏರಿದ ಕೂಡಲೇ ನನ್ನನ್ನು ಕರೆದು ಪಿಸುಗುಟ್ಟಿದರು: "ಹತ್ತಿ ಮಾರಿದ ರೈತ್ರು ಈ ವಾರ ಜ್ವಾಳ ಬಿಟ್ಟು ಅಕ್ಕಿ ಕೊಳ್ತಾರ. ಅಕ್ಕಿ ಏರೂದ್ರಾಗ ನೀ ಗಂಗಾವತಿಗೆ ಹೋಗಿ ಹಿಡದುಬಿಡು. ದಾರ್ಯಾಗ ಯಾರ ಕೂಡನೂ ಮಾತಾಡಬ್ಯಾಡ. ಬಾಯಿ ಹೊಲಕೊಂಡು ಹೋಗು."

ಸರ್ವಿಸ್ ಮೋಟಾರಿನಲ್ಲಿ ಕೂತೆ. ಪಕ್ಕದವನು ಯಾವೂರು ಅಂದ, ನಾನು ಕಿಟಕಿಯಾಚೆ ನೋಡಿದೆ. ಸಾಣಾಪುರದ ಕಡೆ ಭತ್ತ ಹೇಗಿದೆ ಅಂತ ಇನ್ನೊಬ್ಬ ಹೇಳತೊಡಗಿದ, ನಾನು ಕೆಮ್ಮಿದೆ. ಗಂಗಾವತಿಯಲ್ಲಿ ಇಳಿದು ನಮ್ಮ ಪರಿಚಯದ ಅಕ್ಕಿ ವ್ಯಾಪಾರಿಯ ಅಂಗಡಿಯಲ್ಲಿ ಕೂತೆ. ನೀರು ಕೊಟ್ಟರು, ಕುಡಿದೆ. ಎಲೆ ಅಡಿಕೆ ಕೊಟ್ಟರು, ಹಾಕಿಕೊಂಡೆ. ಆಮೇಲೆ ಹೆಚ್ಚು ಮಾತಿಲ್ಲದೆ ಅಕ್ಕಿ ಚೀಲದ ಕಡೆ ಕೈ ತೋರಿಸಿ ದರ ಕೇಳಿದೆ. ಆತ ಹೇಳಿದ ದರ ಕೇಳಿ ಎಲೆ ಅಡಿಕೆ ಗಂಟಲಿಗೆ ಸಿಕ್ಕಿತು.

"ಇದೇನ್ರಿ ಇದು? ನಿನ್ನಿ ಇಷ್ಟಿರಲಿಲ್ಲಲ್ಲ?"

"ನಿನ್ನಿ ಇರಲಿಲ್ರಿ. ಈಗ ನೀವು ಬಂದು ಕುಂತ ಮ್ಯಾಲ ಏರೇತ್ರಿ."

"ನಾ ಬಾಯಿನ ಬಿಟ್ಟಿಲ್ಲಲ್ರಿ!"

"ಅದಕ್ಕ ಏರೇತಿ ನೋಡ್ರಿ," ಅಂದ ಆತ. "ನೀವು ಬಂದ್ರಂದ್ರ ಮೋಟಾರ ಇಳಿಯೂ ಮುಂಚಿನ ನಿಮ್ಮ ಮಾತು ನಮ್ಮ ಅಂಗಡಿ ಮುಟ್ಟಿರತೈತಿ. ಇವತ್ತ ನೀರು ಕುಡದು ಸುಮ್ಮ ಕುಂತ್ರಿ. ಕೊಪ್ಪಳದಾಗ ಏನೋ ಭಾರಿ ಆಗೈತಂತ ಇಡೀ ಓಣಿಗೆ ಗೊತ್ತಾತು."

ಗಡ್ಡದ ದರ

ಯುದ್ಧ ಶುರುವಾದ ಮೇಲೆ ಸಮುದ್ರದಲ್ಲಿ ಎಲ್ಲೋ ಹಡಗು ಮುಳುಗಿತೆಂಬ ಸುದ್ದಿ ಬಂತು. ನಮ್ಮ ಕಡೆಯವರು ಸಮುದ್ರ ನೋಡಿದವರಲ್ಲ. ಆದರೂ ಆ ವಾರ ಹತ್ತಿ ಧಡ್ ಅಂತ ಬಿತ್ತು. ಅದರ ಮರುವಾರ ಸಾಹುಕಾರರ ಗಡ್ಡ ಹೆರೆಯಲು ಬಂದ ನಾವಲಿಗ ಕೆಲಸ ಮುಗಿಸಿ ಎರಡು ಪಟ್ಟು ಕೇಳಿದ.

ಸಾಹುಕಾರರಿಗೆ ಸಿಟ್ಟು ಬಂತು. "ಹಡಗ ಮುಳಗಿದ್ರ ನಿನ್ನ ಕತ್ತಿಗೇನಾತೋ? ಎಲ್ಲಾ ಇಳದಾವು, ನಿಂದೊಂದ ಹೆಂಗ ಏರಿತು?"

"ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ," ಅಂದ ಅವನು, ಕತ್ತಿ ಒರೆಸುತ್ತ. "ಹಡಗ ಮುಳಗಿದ್ದಕ್ಕ ಹತ್ತಿ ಬಿತ್ತು. ಹತ್ತಿ ಬಿದ್ದಿದ್ದಕ್ಕ ಊರಾಗಿನ ಮದಿವಿ ನಿಂತ್ವು. ಮದಿವಿ ನಿಂತಿದ್ದಕ್ಕ ಯಾರೂ ಗಡ್ಡ ತಗಸವಲ್ರು. ಈಗ ಉಳದದ್ದು ನಿಮ್ಮ ಗಡ್ಡ ಒಂದ. ಮುಳಗಿದ ಹಡಗೆಲ್ಲಾ ಅದರ ಮ್ಯಾಲ ಹೊರಸಬೇಕಲ್ರಿ!"

ಹೋದ ವಾರದ ಹತ್ತಿಕಾಳು

ತಾವರಗೇರಿ ಕಡೆಯಿಂದ ವರ್ಷವರ್ಷವೂ ಹತ್ತಿ ತರುತ್ತಿದ್ದ ಒಬ್ಬ ಹೆಣ್ಣುಮಗಳಿದ್ದಳು. ಗಂಡ ತೀರಿದ ಮೇಲೆ ತಾನೇ ನಿಂತು ಬಿತ್ತಿಸಿ, ತಾನೇ ಗಾಡಿ ಹೊಡೆದುಕೊಂಡು ಬರುವಾಕೆ. ನಮಗೆಲ್ಲ ತಾಯಿಯ ವಯಸ್ಸು, ಅದಕ್ಕೆ ನಾವು ಆಕೆಯನ್ನು ಯವ್ವಾ ಅಂತಲೇ ಕರೆಯುತ್ತಿದ್ದೆವು. ಆ ವರ್ಷ ಆಕೆಯ ಜೋಡಿ ಎತ್ತಿನಲ್ಲಿ ಒಂದು ಸತ್ತಿತ್ತು. ಉಳಿದದ್ದಕ್ಕೆ ನೆರೆಮನೆಯ ಎತ್ತನ್ನು ಜತೆಮಾಡಿ ಗಾಡಿ ಹೂಡಿ ಬಂದಿದ್ದಳು. ಒಂದೆತ್ತಿನಿಂದ ಹೊಲ ಹೂಡಲು ಬರುವುದಿಲ್ಲ. ಈ ಬೇಸಿಗೆಯೊಳಗೆ ಜತೆ ಸಿಗದಿದ್ದರೆ ಹೊಲವನ್ನು ಮೈದುನನಿಗೆ ಪಾಲಿಗೆ ಹಚ್ಚಬೇಕು. ಆ ಮೈದುನ ಆಗಲೇ ಬದುವಿನ ಮೇಲೆ ಅಡ್ಡಾಡಿ ಹೋಗಿದ್ದನಂತೆ. "ಅಂವಾ ಒಮ್ಮೆ ಹೊಲದಾಗ ಕಾಲಿಟ್ಟಾಂದ್ರ ಹೊರಗ ಹೊಂಡಾಂವಲ್ಲ ತಮ್ಮಾ," ಅಂತ ನನ್ನ ಮುಂದೆ ಹೇಳಿಕೊಂಡಳು.

ಊರ ಹೊರಗಿನ ದನದ ಬಯಲಿನಲ್ಲಿ ಯಲಬುರ್ಗಿ ಕಡೆಯ ಒಬ್ಬ ದನದ ವ್ಯಾಪಾರಿ ಇದ್ದ. ಅವನ ಹತ್ತಿರ ಆಕೆಯ ಎತ್ತಿಗೆ ಹೇಳಿ ಮಾಡಿಸಿದ ಜತೆ ಇತ್ತು. ಅದೇ ಎತ್ತರ, ಅದೇ ಬಣ್ಣ, ಕೋಡಿನ ಬಾಗೂ ಒಂದೇ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದಾಗ ಅದು ಇದರ ಕುತ್ತಿಗೆ ನೆಕ್ಕಿತು. ವ್ಯಾಪಾರಿ ಅದನ್ನೂ ನೋಡಿಕೊಂಡು ದರ ಹೇಳಿದ. ಹೇಳಿದ ದರ ಹತ್ತಿ ಮಾರಿದರೆ ಸರಿಹೋಗುವಂತಿತ್ತು. ಆಕೆ ಒಂದು ಮಾತು ಯೋಚಿಸಿ ಬರುತ್ತೇನೆಂದು ಊರಿಗೆ ಹೋದಳು.

ಆ ವಾರ ಹತ್ತಿ ಏರಿತು. ಆಕೆ ಖುಷಿಯಿಂದ ಮರಳಿ ಬಂದರೆ ವ್ಯಾಪಾರಿ ಎತ್ತನ್ನೂ ಏರಿಸಿ ಕೂತಿದ್ದ.

"ಹತ್ತಿ ಏರಿದ್ರ ಎತ್ತ್ಯಾಕ ಏರಬೇಕಪಾ? ನಿನ್ನ ಎತ್ತೇನು ಹತ್ತಿ ತಿಂತೈತೇನು?"

"ಹತ್ತಿ ತಿನ್ನೂದಿಲ್ಲ ಯವ್ವಾ, ಹತ್ತಿಕಾಳು ತಿಂತೈತಲ್ಲ. ಅದು ತುಟ್ಟಿ ಆತು."

ಆಕೆ ಸಿಟ್ಟಾಗಿ ಹತ್ತಿ ಮಾರದೆ ಗಾಡಿ ತಿರುಗಿಸಿಕೊಂಡು ಹೋದಳು. ಮುಂದಿನ ವಾರ ಹತ್ತಿ ಒಂದಿಷ್ಟು ಇಳಿಯಿತು. ಮತ್ತೆ ಬಂದಳು. ಎತ್ತಿನ ದರ ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ಈಗ ಹತ್ತಿಕಾಳು ಸೋವಿ ಆಗೈತಲ್ಲೋ?"

ವ್ಯಾಪಾರಿ ಎತ್ತಿನ ಹೊಟ್ಟೆಯನ್ನು ಪ್ರೀತಿಯಿಂದ ತಟ್ಟಿದ. "ಖರೇ ಐತಿ ಯವ್ವಾ. ಆದ್ರ ಇದರ ಹೊಟ್ಟ್ಯಾಗ ಇರೂದು ಹೋದ ವಾರದ ಹತ್ತಿಕಾಳು!"

ಮಂದಿ ಬಂತು

ಪೇಟೆಯ ಮಾತಿನಲ್ಲಿ ದರ ಏರಿದರೆ ತೇಜಿ, ಬಿದ್ದರೆ ಮಂದಿ. ಮುಂಬಯಿ ಕಡೆಯ ವ್ಯಾಪಾರಸ್ಥರು ತಂದ ಶಬ್ದಗಳು. ಅಂಗಡಿಯ ಮೆಟ್ಟಿಲು ಹತ್ತಿದರೆ ಮಂದಿ ಅಂದರೆ ಕುಸಿತ, ಮೆಟ್ಟಿಲು ಇಳಿದು ಮನೆಗೆ ಹೋದರೆ ಮಂದಿ ಅಂದರೆ ಜನ. ನಮಗೆ ಎರಡೂ ಅಭ್ಯಾಸವಾಗಿದ್ದವು.

ನಮ್ಮ ಸಾಹುಕಾರರಿಗೆ ಗದಗಿನಲ್ಲಿ ಹತ್ತಿಯ ಅಡತಿ ಅಂಗಡಿ ಇಟ್ಟ ಅಡತ್ಯಾ ಒಬ್ಬರು ಸ್ನೇಹಿತರು. ಅಲ್ಲಿಯ ದರ ಅಲುಗಿದರೆ ಮೊದಲು ತಾರು, ಅಂದರೆ ತಂತಿ, ಕಳಿಸುವವರು ಅವರೇ. ತಾರಿನಲ್ಲಿ ಒಂದು ಶಬ್ದ ಹೆಚ್ಚು ಹಾಕಲು ಅವರ ಜೀವ ಒಪ್ಪುತ್ತಿರಲಿಲ್ಲ. ಒಂದು ಮುಂಜಾನೆ ಸ್ಟೇಶನ್ನಿನ ತಾರ್ ಬಾಬು ಏದುಸಿರು ಬಿಡುತ್ತ ಬಂದ. ತಾರಿನಲ್ಲಿ ಇದ್ದದ್ದು ಇಷ್ಟೇ: "ಮಂದಿ ಭಾಳ. ತಯಾರಿರ್ರಿ."

ಸಾಹುಕಾರರ ಮುಖ ಸುಣ್ಣದ ಗೋಡೆಯಾಯಿತು. ದಲಾಲನನ್ನು ಒಳಗೆ ಕರೆದು, "ನಮ್ಮ ಹತ್ತಿ ಸದ್ದಿಲ್ಲದಂಗ ತಗದುಬಿಡು. ಯಾರಿಗೂ ಗೊತ್ತಾಗಬಾರದು," ಅಂದರು. ಹಣೆಯಲ್ಲಿ ಬೆವರು ಬಂದಿತ್ತು, ಕೈಗೆ ಸಿಕ್ಕಿದ್ದರಿಂದ ಒರೆಸಿಕೊಂಡರು. ಕೈಗೆ ಸಿಕ್ಕಿದ್ದು ಆ ತಾರೇ ಆಗಿತ್ತು. ಸಾಹುಕಾರರು ತಾರಿನಿಂದ ಬೆವರು ಒರೆಸಿಕೊಂಡದ್ದನ್ನು ಎದುರಂಗಡಿಯವನು ನೋಡಿದ. ಅವನಿಗೆ ಇನ್ನೇನೂ ಓದಬೇಕಾಗಿರಲಿಲ್ಲ.

"ಮಂದಿ ಬಂತು! ಗದಗಿನಾಗ ಮಂದಿ!" ಅಂತ ಕೂಗೆದ್ದಿತು. ಆ ಮುಂಜಾನೆ ನಾನು ಕಂಡದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಹತ್ತಿ ಬಿತ್ತು. ಹತ್ತಿ ಬಿದ್ದದ್ದು ನೋಡಿ ಶೇಂಗಾ ಬಿತ್ತು. ತುಂಬಲು ಮಾಲೇ ಇಲ್ಲವೆಂದು ಗೋಣಿಚೀಲ ಬಿತ್ತು. ಇನ್ನು ಸಿಹಿ ತಿನ್ನುವವರು ಯಾರು ಅಂತ ಬೆಲ್ಲ ಬಿತ್ತು. ತಾಮ್ರದ ಕೊಡ ಮಾರುವವನು ಕೂಗುವ ದರ ಅವನು ಓಣಿಯ ಈ ತುದಿಯಿಂದ ಆ ತುದಿಗೆ ಹೋಗುವುದರೊಳಗೆ ಇಳಿದುಹೋಯಿತು. ಒಬ್ಬನಿಗೂ ಏನಾಗಿದೆ ಅಂತ ಗೊತ್ತಿಲ್ಲ. ಪಕ್ಕದವನ ಮುಖ ನೋಡಿ ಹೆದರುತ್ತಿದ್ದರು, ಆ ಹೆದರಿದ ಮುಖ ನೋಡಿ ಅದರ ಪಕ್ಕದವನು ಹೆದರುತ್ತಿದ್ದ. ನಾನು ಅಂಗಡಿಯ ಕಂಬ ಹಿಡಿದು ನಿಂತು, ಇಷ್ಟು ದೊಡ್ಡ ಪೇಟೆ ಎರಡು ಮಾತಿಗೆ ಹೀಗೆ ಅಲ್ಲಾಡಬಹುದೇ ಅಂತ ಬೆರಗಾಗಿ ನೋಡುತ್ತಿದ್ದೆ.

ಆಗ ಕಣ್ಣಿಗೆ ಬಿದ್ದದ್ದು ತಾವರಗೇರಿಯ ಆ ತಾಯಿ. ನಾಲ್ಕನೇ ಸಲ ಗಾಡಿ ಹೊಡೆದುಕೊಂಡು ಬಂದು ಬೇವಿನ ಗಿಡದ ನೆರಳಲ್ಲಿ ಆರಾಮಾಗಿ ಬುತ್ತಿ ಬಿಚ್ಚಿದ್ದಳು. ಈಕೆಯ ಹತ್ತಿ ಇವತ್ತು ಮಣ್ಣಾದರೆ ಎತ್ತೂ ಇಲ್ಲ, ಹೊಲವೂ ಇಲ್ಲ. ಓಡಿದೆ.

"ಯವ್ವಾ, ಲಗೂನ ಕೊಟ್ಟುಬಿಡು! ಮಂದಿ ಬಂತು!"

"ಬರ್ಲಿ ಬಿಡೋ ತಮ್ಮಾ. ಮಂದಿ ಬಂದ್ರ ಛಲೋ ಅಲ್ಲೇನು?"

"ಛಲೋ ಅಲ್ಲ ಯವ್ವಾ! ಭಾಳ ಮಂದಿ! ಗದಗಿನಿಂದ ಬಂದೈತಿ!"

"ಗದಗಿನಿಂದ ಬರಾಕತ್ತಾರ?" ಆಕೆಯ ಮುಖ ಅರಳಿತು. "ಹಂಗಾದ್ರ ನಾ ಯಾಕ ಅವಸರ ಮಾಡ್ಲಿ? ಅವರ ಬರ್ಲಿ, ಅವರಿಗೆ ತೋರಿಸಿ ಕೊಡತೀನಿ. ನೀ ಒಂದ್ ರೊಟ್ಟಿ ತಿನ್ನು. ಭಾಳ ಬೆವತೀದಿ."

ಗಾಬರಿಯಲ್ಲಿ ನನಗೆ ಶಬ್ದದ ಎರಡನೇ ಅರ್ಥ ನೆನಪಾಗಲೇ ಇಲ್ಲ. ಈಕೆಗೆ ತಲೆ ಕೆಟ್ಟಿದೆ ಅಂದುಕೊಂಡು ರೊಟ್ಟಿಯನ್ನೂ ಬಿಟ್ಟು ಬಂದೆ.

ಅಷ್ಟರಲ್ಲಿ ಸುದ್ದಿ ದನದ ಬಯಲು ಮುಟ್ಟಿತ್ತು. ಹತ್ತಿಯೇ ಹೋದ ಮೇಲೆ ಎತ್ತು ಕೊಳ್ಳುವವರು ಯಾರು? ಯಲಬುರ್ಗಿಯ ವ್ಯಾಪಾರಿ ಎತ್ತಿನ ಹಗ್ಗ ಹಿಡಿದು ತಾನೇ ಆಕೆಯ ಗಾಡಿಯ ತನಕ ಬಂದ. ಹಳೆಯ ದರ ಹೇಳಿದ. ಆಕೆ ರೊಟ್ಟಿ ಮುರಿಯುತ್ತಿದ್ದಳು. ಇಳಿಸಿದ. ಆಕೆ ಚಟ್ನಿ ಹಚ್ಚಿಕೊಂಡಳು. ಇನ್ನೂ ಇಳಿಸಿದ. ಆಕೆ ಉಂಡು ಕೈತೊಳೆಯುವ ಹೊತ್ತಿಗೆ ದರ ಅರ್ಧಕ್ಕೆ ಬಂದು ನಿಂತಿತ್ತು.

"ಹತ್ತಿ ಇನ್ನೂ ಮಾರಿಲ್ಲಪಾ. ಸಂಜಿಕ ರೊಕ್ಕ ಕೊಡತೀನಿ."

"ಸಂಜಿಕರ ಕೊಡು ಯವ್ವಾ. ನಾಳಿಗೆ ಇದನ್ನ ಬಿಟ್ಟೀ ಒಯ್ಯಾವ್ರೂ ಸಿಗೂದಿಲ್ಲ!" ಅಂತ ಅಂಗೈ ಮೇಲೆ ಅಂಗೈ ಬಡಿದು ಹಗ್ಗ ಕೊಟ್ಟ. ಸುತ್ತ ನಿಂತವರೆಲ್ಲ ಸಾಕ್ಷಿ.

ಮಧ್ಯಾಹ್ನ ಗದಗಿನ ರೈಲುಗಾಡಿ ಬಂತು. ಸ್ವಲ್ಪ ಹೊತ್ತಿಗೆ ಸ್ಟೇಶನ್ನಿನ ರಸ್ತೆಯ ಮೇಲೆ ಧೂಳೆದ್ದಿತು. ನೋಡಿದರೆ ಮುಂದೆ ಜರಿಯ ಪಟಗ ಸುತ್ತಿದ ಗದಗಿನ ಅಡತ್ಯಾ, ಹಿಂದೆ ಅವರ ಮಗ, ಅವನ ಹಿಂದೆ ಇಳಕಲ್ ಸೀರೆಯ ಹೆಂಗಸರು, ಅವರ ಹಿಂದೆ ಮುದುಕರು, ಅಳುವ ಕೂಸುಗಳು, ಹಣ್ಣಿನ ಬುಟ್ಟಿಗಳು. ಜಾತ್ರೆಯೇ ಎದ್ದು ಬಂದ ಹಾಗಿತ್ತು. ನಮ್ಮ ಸಾಹುಕಾರರ ಮಗಳನ್ನು ನೋಡಲು ಒಂದು ದಿನ ಬರುತ್ತೇವೆಂದು ಅವರು ಹಿಂದೊಮ್ಮೆ ಹೇಳಿದ್ದರು. ಆ ಒಂದು ದಿನ ಇದೇ ಆಗಿತ್ತು.

ಅಡತ್ಯಾ ಗಾದಿಯ ಮೇಲೆ ಕೂತು ಕೇಳಿದರು: "ತಾರ್ ಮುಟ್ಟಿತಲ್ರಿ? ಮಂದಿ ಭಾಳ ಅಂತ ಹೇಳಿ ಕಳಿಸಿದ್ದೆ. ಅಡಗಿ ತಯಾರೈತಿಲ್ರಿ?"

ಸಾಹುಕಾರರು ನನ್ನ ಮುಖ ನೋಡಿದರು, ನಾನು ದಲಾಲನ ಮುಖ ನೋಡಿದೆ, ದಲಾಲ ಛಾವಣಿ ನೋಡಿದ. ಒಳಗೆ ಒಲೆಯ ಮೇಲೆ ಇದ್ದದ್ದು ನಾಲ್ಕು ಜನಕ್ಕಾಗುವ ನುಚ್ಚು.

"ಬೆಲ್ಲ ತಗೊಂಬಾ! ಕಡ್ಲಿಬ್ಯಾಳಿ ತಗೊಂಬಾ! ದರ ಕೇಳಬ್ಯಾಡ!" ಅಂತ ಸಾಹುಕಾರರು ನನ್ನನ್ನು ಅಟ್ಟಿದರು. ನಾನು ದರ ಕೇಳದೆ ಬೆಲ್ಲ ಎತ್ತಿದ್ದನ್ನು ನೋಡಿ ಬೆಲ್ಲದವನು ಎದ್ದು ಕೂತ. ಇವರ ಅಂಗಡಿಯವರೇ ಹೀಗೆ ಕೊಳ್ಳುತ್ತಿದ್ದಾರೆಂದರೆ ಮಂದಿ ಮುಗಿದಂತೆಯೇ ಸರಿ! ಬೆಲ್ಲ ಏರಿತು. ಬೆಲ್ಲ ಏರಿದ್ದು ನೋಡಿ ಶೇಂಗಾ ಏರಿತು, ಚೀಲ ಏರಿತು. ಹೋಳಿಗೆಯ ಹೂರಣ ಬೇಯುವುದರೊಳಗೆ ಹತ್ತಿ ಮುಂಜಾನೆಯ ದರ ದಾಟಿ ಮೇಲೆ ಕೂತಿತ್ತು. ಗಲಿಬಿಲಿ ಇಳಿದ ದಾರಿಯಲ್ಲೇ ಮೇಲೆ ಹತ್ತಿಬಂದದ್ದನ್ನು ಕಂಡು ನಾನು ಬೆಲ್ಲದ ಹೆಂಟೆ ಎದೆಗವಚಿಕೊಂಡೇ ರಸ್ತೆಯಲ್ಲಿ ನಿಂತುಬಿಟ್ಟೆ.

ಗದಗಿನ ಅಡತ್ಯಾ ಹೆಣ್ಣು ನೋಡಲು ಬಂದವರಾದರೂ ಹತ್ತಿ ಕಂಡರೆ ಸುಮ್ಮನಿರುವ ಜೀವವಲ್ಲ. ಬೇವಿನ ಗಿಡದ ಕೆಳಗಿನ ಗಾಡಿಯ ತನಕ ನಡೆದುಹೋಗಿ ಒಂದು ಹಿಡಿ ಅರಳೆ ಎಳೆದು ನೋಡಿದರು. ಆಕೆಗೆ ನಮಸ್ಕಾರ ಮಾಡಿ, "ಯಾವ ಊರಿನ ಹತ್ತಿ ಯವ್ವಾ ಇದು? ಒಳ್ಳೇದೈತಿ," ಅಂದು ಮೇಲಿನ ದರಕ್ಕೇ ಪೂರ್ತಿ ಕೊಂಡರು. ದನದ ವ್ಯಾಪಾರಿ ಓಡಿಬಂದು ಏನೋ ಹೇಳಲು ಬಾಯಿ ತೆರೆದ. ಆಗಲೇ ಆಕೆ ಸೆರಗಿನ ಗಂಟು ಬಿಚ್ಚಿ ಒಪ್ಪಿದ ರೊಕ್ಕವನ್ನು ಅವನ ಅಂಗೈಗೆ ಹಾಕಿದಳು. ಸಾಕ್ಷಿಗಳು ಅಲ್ಲೇ ಇದ್ದರು. ಬಾಯಿ ಮುಚ್ಚಿಕೊಂಡು ಹೋದ.

ಆಕೆ ತನ್ನ ಎರಡೂ ಎತ್ತುಗಳನ್ನು ನೊಗಕ್ಕೆ ಹೂಡಿ, ನೆರೆಮನೆಯ ಎತ್ತನ್ನು ಗಾಡಿಯ ಹಿಂದೆ ಕಟ್ಟಿದಳು. ನನಗೆ ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಇನ್ನು ಆ ಮೈದುನ ಬದುವಿನ ಮೇಲೆ ಎಷ್ಟು ಬೇಕಾದರೂ ಅಡ್ಡಾಡಲಿ. ಗಾಡಿ ಹೊರಟದ್ದು ನಮ್ಮ ಅಂಗಡಿಯ ಮುಂದೆ ನಿಂತಿತು. ಸಾಹುಕಾರರು ಬೀಗರಿಗೆ ಬಡಿಸುವ ಗಡಿಬಿಡಿಯಲ್ಲಿ, ಕೈಯಲ್ಲಿ ತುಪ್ಪದ ಗಿಂಡಿ ಹಿಡಿದು ಹೊರಗೆ ಇಣುಕಿದರು.

ಆಕೆ ಸೆರಗು ಸರಿಮಾಡಿಕೊಂಡು ಬಹಳ ಮರ್ಯಾದೆಯಿಂದ ಕೇಳಿದಳು: "ಸಾವ್ಕಾರ್ರ, ಮತ್ತ ಮಂದಿ ಯಾವಾಗ ಬರ್ತಾರಂತ ನನಗೊಂದು ಮಾತು ಮೊದಲ ಹೇಳಿ ಕಳಸ್ರಿ. ಈ ಸಲ ಎತ್ತಾತು, ಇನ್ನೊಂದು ಎಮ್ಮಿ ತಗೋಬೇಕಂತ ಐತಿ."